ಸ್ಪಷ್ಟನೆ: ಚಂದ್ರನಿಂದ ಚೀನಾದ ಮಹಾಗೋಡೆ ಕಾಣುವುದಿಲ್ಲ

ದಿನಕ್ಕೊಂದು ಪ್ರಶ್ನೆಯೆಂದು ಗೆಳೆಯರ, ಬಂಧುಗಳ ಗ್ರೂಪುಗಳಲ್ಲಿ ಹಂಚಿಕೊಳ್ಳುವ ರಸಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ: 'ಚಂದ್ರನಿಂದ ಬರಿಗಣ್ಣಿಗೆ ಕಾಣುವ ಏಕೈಕ ಮಾನವ ನಿರ್ಮಿತಿ ಯಾವುದು?' ಉತ್ತರ ಚೀನಾದ ಮಹಾಗೋಡೆ ಎಂದಿರುತ್ತದೆ. ಈ ಉತ್ತರ ತಪ್ಪು. ನಿಜ ಹೇಳಬೇಕೆಂದರೆ ಪ್ರಶ್ನೆಯೇ ತಪ್ಪು.

ಗೋಡೆ ಸಾವಿರಾರು ಕಿಲೋಮೀಟರ್ ಉದ್ದವಿದೆ, ಆದರೆ ಅಗಲ ಕೆಲವೇ ಮೀಟರ್. ಕೂದಲೆಳೆ ಎಷ್ಟೇ ಉದ್ದವಿದ್ದರೂ ಬೀದಿಯಾಚೆಯಿಂದ ಕಂಡೀತೇ? ಚಂದ್ರ ನಮ್ಮಿಂದ ಸರಾಸರಿ 3,84,400 ಕಿ.ಮೀ. ದೂರ. ಅಲ್ಲಿಂದ ನೋಡುವವರ ಬರಿಗಣ್ಣಿಗೆ ಭೂಮಿಯ ಮೇಲಿನ ಒಂದು ವಸ್ತುವಿನ ಆಕಾರ ತಿಳಿಯಬೇಕಾದರೆ ಅದು ಸುಮಾರು ನೂರು ಕಿ.ಮೀ. ಅಗಲವಾದರೂ ಇರಬೇಕು. ಸಾಲದ್ದಕ್ಕೆ ಗೋಡೆಯ ಬಣ್ಣ ಸುತ್ತಲಿನ ಮಣ್ಣು, ಕಲ್ಲುಗಳದ್ದೇ.

ಚಂದ್ರನ ಮಾತು ಬಿಡಿ. 2003ರಲ್ಲಿ ಭೂಮಿಯನ್ನು ಸುತ್ತಿಬಂದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ, ತಮಗೆ ಗೋಡೆ ಕಾಣಲಿಲ್ಲವೆಂದೇ ಹೇಳಿದರು. ಮರುವರ್ಷ ಅಂತರಿಕ್ಷ ನಿಲ್ದಾಣದಿಂದ ಅಮೆರಿಕದ ಗಗನಯಾತ್ರಿ ಲೆರಾಯ್ ಚಿಯಾವ್ ತೆಗೆದ ಚಿತ್ರದಲ್ಲಿ ಗೋಡೆಯ ತುಣುಕು ಸಿಕ್ಕಿತು, ನಿಜ. ಆದರೆ ಅದು ಕ್ಯಾಮೆರಾದ ದೂರದ ಲೆನ್ಸ್ ಕಂಡದ್ದು. ತಮ್ಮ ಕಣ್ಣಿಗೆ ಕಂಡಿತೆಂದು ಅವರೂ ಖಚಿತವಾಗಿ ಹೇಳಲಿಲ್ಲ.

ಮನುಷ್ಯ ಅಂತರಿಕ್ಷಕ್ಕೆ ಹೋಗುವ ಎಷ್ಟೋ ಮೊದಲೇ ಈ ಮಾತು ಅಚ್ಚಾಗಿತ್ತು ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ನೋಡಿ ಬಂದವರು ಯಾರೂ ಇಲ್ಲದಿದ್ದಾಗ ಹುಟ್ಟಿದ ಮಾತಿದು.

ಈ ಪ್ರಶ್ನೆಗೆ 'ಯಾವುದೂ ಇಲ್ಲ' ಎಂದು ಬರೆದು ಅಂಕ ಕಳೆದುಕೊಂಡ ಮಕ್ಕಳಿದ್ದರೆ, ದಯವಿಟ್ಟು ಅವರ ಅಂಕ ಅವರಿಗೆ ಕೊಡಿ.