ಶಾಲು ಹೊದಿಸಿ, ಕೆಲಸದ ಮಾತನ್ನೂ ಆಡಿ

ಅಮೆರಿಕದಲ್ಲಿ ವೆಲ್ಡಿಂಗ್ ವಿಜ್ಞಾನಿಗಳನ್ನು ಗೌರವಿಸುವ ರೀತಿ ಮೊದಮೊದಲು ನನಗೆ ತೀರಾ ಒಣ ಅನಿಸುತ್ತಿತ್ತು. ಹಾರ ಇಲ್ಲ, ಪೇಟ ಇಲ್ಲ, ಹಣ್ಣಿನ ಬುಟ್ಟಿಯಂತೂ ಇಲ್ಲವೇ ಇಲ್ಲ. ಅವರ ಹೆಸರಲ್ಲಿ ಒಂದು ವಿಚಾರ ಸಂಕಿರಣ ಇಡುತ್ತಾರೆ. ಹಳೇ ಶಿಷ್ಯರು, ಜೊತೆಗೆ ದುಡಿದವರು, ಕೆಲವೊಮ್ಮೆ ಅವರೊಡನೆ ವಾದಕ್ಕಿಳಿದವರೂ ಬಂದು ಪ್ರಬಂಧ ಓದುತ್ತಾರೆ. ಕೇಳಲು ಬರುವವರು ಶುಲ್ಕ ಕಟ್ಟಬೇಕು. ನಮ್ಮೂರಲ್ಲಿ ಹೀಗೆ ಮಾಡಿದರೆ ಯಾರು ಬರ್ತಾರೆ ಹೇಳಿ!

ಆದರೂ ಈಗ ನನ್ನ ಮನಸ್ಸು ಆ ಕಡೆಗೇ ವಾಲುತ್ತದೆ. ಸಂಜೆಯ ಹೊತ್ತಿಗೆ ಆ ಮನುಷ್ಯ ಏನು ಮಾಡಿದರು ಅನ್ನೋದು ಅಲ್ಲಿದ್ದವರಿಗೆಲ್ಲ ಗೊತ್ತಾಗಿರುತ್ತದೆ.

ವಾರನ್ ಸ್ಯಾವೇಜ್ ಅವರನ್ನೇ ನೋಡಿ. ನ್ಯೂಯಾರ್ಕ್ ರಾಜ್ಯದ ರೆನ್ಸೆಲೇರ್ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿದವರು. ಬೆಸುಗೆ ಪೂರ್ತಿ ಗಟ್ಟಿಯಾಗುವ ಮೊದಲೇ ಬಿರುಕು ಬಿಡುವುದು ಈ ಕ್ಷೇತ್ರದ ಹಳೇ ತಲೆನೋವು. ಲೋಹದಲ್ಲಿ ಚೂರುಪಾರು ಇರುವ ಗಂಧಕ, ರಂಜಕ ಎಲ್ಲ ಕೊನೆಗೆ ಗಟ್ಟಿಯಾಗದೆ ಉಳಿದ ದ್ರವದಲ್ಲಿ ಸೇರಿಕೊಂಡು, ಲೋಹದ ಹರಳುಗಳ ನಡುವೆ ತೆಳ್ಳಗೆ ನಿಲ್ಲುತ್ತವೆ. ತಣಿಯುತ್ತಾ ಲೋಹ ಕುಗ್ಗಿ ಎಳೆದಾಗ ಅಲ್ಲೇ ಬಾಯಿ ಬಿಡುತ್ತದೆ. ಯಾವ ಲೋಹಕ್ಕೆ ಈ ಕಾಯಿಲೆ ಎಷ್ಟು ಅಂತ ಅಳೆಯೋದು ಹೇಗೆ? ಸ್ಯಾವೇಜ್ ಮತ್ತು ಕಾರ್ಲ್ ಲುಂಡಿನ್ 1965ರಲ್ಲಿ ಒಂದು ದಾರಿ ತೋರಿಸಿದರು. ವೆಲ್ಡಿಂಗ್ ನಡೆಯುತ್ತಿರುವಾಗಲೇ ಪ್ಲೇಟನ್ನು ಬಾಗಿದ ಅಚ್ಚಿನ ಮೇಲೆ ಥಟ್ಟನೆ ಬಗ್ಗಿಸುವುದು, ಆಮೇಲೆ ಬಿರುಕುಗಳ ಉದ್ದ ಅಳೆಯುವುದು. ವೇರ್‌ಸ್ಟ್ರೇಂಟ್ ಅನ್ನುವ ಈ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿದೆ. ಅವರ ಶಿಷ್ಯ ಜಾನ್ ಲಿಪೋಲ್ಡ್ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇದೇ ಬಿರುಕಿನ ಬೆನ್ನು ಹತ್ತಿದರು. 1919ರಲ್ಲಿ ಶುರುವಾದ ಅಮೆರಿಕನ್ ವೆಲ್ಡಿಂಗ್ ಸೊಸೈಟಿ ಸ್ಯಾವೇಜ್ ಹೆಸರಲ್ಲಿ ಪ್ರಶಸ್ತಿ ಇಟ್ಟಿದೆ. ಅದನ್ನು ಕೊಡುವುದು ಬೆಸುಗೆಯ ಲೋಹಶಾಸ್ತ್ರವನ್ನು ಬೆಳೆಸಿದ ಪ್ರಬಂಧಕ್ಕೆ. ಹಾಗಾಗಿ ಪ್ರತಿ ಸಲ ಯಾರಾದರೂ ಅವರ ಕೆಲಸದ ಮುಂದಿನ ಭಾಗವನ್ನು ಬರೆಯಲೇಬೇಕಾಗುತ್ತದೆ.

ನಮ್ಮ ಕಡೆ? ನನ್ನ ಸೋದರಮಾವ ಒಂದು ಕಾರ್ಖಾನೆಯ ವೆಲ್ಡಿಂಗ್ ಪ್ರಯೋಗಾಲಯದಲ್ಲಿ ಜೀವ ತೇಯ್ದವರು. ನಿವೃತ್ತಿಯಾದ ಮೇಲೆ ಊರಲ್ಲಿ ಸನ್ಮಾನ ಇಟ್ಟುಕೊಂಡಿದ್ದರು. "ದೊಡ್ಡ ಇಂಜಿನಿಯರು, ಸರಳ ಸಜ್ಜನರು" ಅಂದದ್ದು ಬಿಟ್ಟರೆ ಅವರ ಕೆಲಸದ ಬಗ್ಗೆ ಒಂದು ಮಾತೂ ಬರಲಿಲ್ಲ. ಮುಖ್ಯ ಅತಿಥಿಗಳು ತಾವು ತಂದ ರಸ್ತೆಗಳ ಬಗ್ಗೆಯೇ ಜಾಸ್ತಿ ಮಾತಾಡಿದರು. ಆದರೆ ಒಂದು ಮಾತು ಒಪ್ಪಬೇಕು. ಅತ್ತೆಯನ್ನೂ ವೇದಿಕೆಗೆ ಕರೆದು ಮಾವನ ಪಕ್ಕದಲ್ಲಿ ಕೂರಿಸಿ, ಇಬ್ಬರಿಗೂ ಸೇರಿ ಸನ್ಮಾನ ಮಾಡಿದರು. ರಾತ್ರಿಪಾಳಿಯ ಗಂಡನನ್ನು ಕಾದವರಿಗೂ ಅದರಲ್ಲಿ ಪಾಲಿದೆ ಅನ್ನೋದು ನಮ್ಮ ಜನಕ್ಕೆ ಗೊತ್ತು. ಇಲ್ಲಿ ಅಮೆರಿಕದ ಸಂಕಿರಣಗಳಲ್ಲಿ ಹೆಂಡತಿಗೆ ಸಿಗುವುದು ಕೊನೇ ಸ್ಲೈಡಿನಲ್ಲಿ ಒಂದು ಥ್ಯಾಂಕ್ಸ್.

ಇಂಥ ವಿಷಯ ಕನ್ನಡದ ಸಭೆಯಲ್ಲಿ ಹೇಳೋಕಾಗಲ್ಲ ಅನ್ನುವವರಿದ್ದಾರೆ. ಯಾಕಾಗಲ್ಲ? ಒಂದೇ ದರ್ಜೆಯ ಎರಡು ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟು, ಒಂದೇ ಕರೆಂಟು. ಒಂದರಲ್ಲಿ ಬೆಸುಗೆ ಆಳಕ್ಕಿಳಿಯುತ್ತದೆ, ಇನ್ನೊಂದರಲ್ಲಿ ಸುಮ್ನೆ ಅಗಲಕ್ಕೆ ಹರಡುತ್ತದೆ. ವ್ಯತ್ಯಾಸ ಇರುವುದು ಚಿಟಿಕೆಗೂ ಸಿಗದಷ್ಟು ಗಂಧಕದಲ್ಲಿ. ಅದು ತೀರಾ ಕಡಿಮೆಯಿದ್ದರೆ ಕರಗಿದ ಲೋಹ ಮೇಲ್ಮೈಯಲ್ಲಿ ನಡುವಿನಿಂದ ಅಂಚಿಗೆ ಹರಿಯುತ್ತದೆ. ತುಸು ಹೆಚ್ಚಿದ್ದರೆ ಅಂಚಿನಿಂದ ನಡುವಿಗೆ ತಿರುಗಿ ಬಿಸಿಯನ್ನು ಕೆಳಕ್ಕೆ ಒಯ್ಯುತ್ತದೆ. ಈ ಹರಿವನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ತಾರಾಶಂಕರ ದೇಬ್‌ರಾಯ್ ಒಬ್ಬರು. ಅವರು ಪಿಎಚ್‌ಡಿ ಮಾಡಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಇಷ್ಟು ಹೇಳೋಕೆ ಎರಡು ನಿಮಿಷ ಸಾಕು, ಅಲ್ವಾ?

ನಮ್ಮ ಕನ್ನಡ ಕೂಟದವರಿಗೂ ನಾನು ಇದನ್ನೇ ಹೇಳುತ್ತಿದ್ದೇನೆ. ಈ ಸಲದ ರಾಜ್ಯೋತ್ಸವಕ್ಕೆ ಸನ್ಮಾನ ಇಟ್ಟುಕೊಳ್ಳಿ, ಶಾಲೂ ಇರಲಿ. ಆದರೆ ಅತಿಥಿ ಭಾಷಣ ಒಂದನ್ನು ಕಡಿಮೆ ಮಾಡಿ, ಆ ಹೊತ್ತನ್ನು ಸನ್ಮಾನಿತರ ಶಿಷ್ಯರೊಬ್ಬರಿಗೆ ಕೊಡಿ. ಪ್ರಶ್ನೆ ಕೇಳೋಕೆ ಮಕ್ಕಳಿಗೂ ಮೈಕ್ ಸಿಗಲಿ.