ರೇಡಿಯಂ ಇತ್ತು, ಕಬ್ಬಿನ ಕೆಳಗೆ

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಊರಿಗೆ ಹೊರಟಿದ್ದೆವು. ಹುನಗುಂದದವರೆಗೆ ದೊಡ್ಡ ಹೆದ್ದಾರಿ, ಚಿಂತೆಯಿಲ್ಲ. ಅಮೀನಗಡ, ಬಾಗಲಕೋಟೆ ದಾಟಿ ಲೋಕಾಪುರ ಬಿಡುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ. (ಅಮೀನಗಡದಲ್ಲಿ ಕರದಂಟಿಗೆ ನಿಲ್ಲಿಸಿದ್ದು ನನ್ನದೇ ತಪ್ಪಂತೆ, ಮನೆಯಲ್ಲಿ ಇನ್ನೂ ಹೇಳುತ್ತಾರೆ.)

ಮುಧೋಳದ ದಾರಿಯಲ್ಲಿ ಎದುರಿನಿಂದ ಒಂದು ಲಾರಿ ಪೂರ್ತಿ ಹೈ ಬೀಮ್‌ನಲ್ಲಿ ಬಂತು. ಡಿಪ್ಪರ್ ಹೊಡೆದೆ, ಇಳಿಸಲಿಲ್ಲ. ಕಣ್ಣಿಗೆ ಕತ್ತಲು ಕವಿಯಿತು. ಲಾರಿ ಹಾದು ಹೋದ ಮೇಲೆ ಮೊದಲು ಕಂಡದ್ದು ಗಾಳಿಗೆ ಅಲ್ಲಾಡುತ್ತಿದ್ದ ಒಣ ರವದಿ, ಅಂದರೆ ಕಬ್ಬಿನ ಎಲೆ. ಆಮೇಲೆ ಕಬ್ಬು. ಕಬ್ಬಿನ ಒಳಗೆಲ್ಲೋ ಒಂದು ಟ್ರೇಲರ್. ನಿಂತೇ ಇತ್ತು. ಬ್ರೇಕ್ ತುಳಿದೆ. ಒಂದು ಮಾರು ಉಳಿದಿತ್ತೇನೋ.

ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಹಿಂದಿನ ಸೀಟಿನಿಂದ ಅವ್ವ "ಸಾವಕಾಶ ಹೊಡಿ" ಅಂತ ಬೈಯುತ್ತಿದ್ದಳು, ಹಾಗಾಗಿ 50ರಲ್ಲಿದ್ದೆ.

ಊರು ತಲುಪಿದ ಮೇಲೆ ನಿದ್ದೆ ಬರದೆ ಲೆಕ್ಕ ಹಾಕಿದೆ. ಇಂಥ ರಸ್ತೆಯಲ್ಲಿ ಕಾರಿಗೆ 70ರ ಮಿತಿ ಅಂತ ಕೇಂದ್ರದ 2018ರ ಆದೇಶ ಹೇಳಿತ್ತು. 70 ಅಂದರೆ ಸೆಕೆಂಡಿಗೆ 19 ಮೀಟರ್. ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿಯಿರಿ. ಅಲ್ಲಿಗೇ 29 ಮೀಟರ್ ಹೋಯ್ತು. ಗಾಡಿ ನಿಲ್ಲಲು ಇನ್ನೊಂದು 27. ಆದರೆ ಡಿಮ್ ಲೈಟ್ ಸರಿಯಾಗಿ ತೋರಿಸುವುದೇ 40, ಹೆಚ್ಚೆಂದರೆ 50 ಮೀಟರ್. ಅಂದರೆ ಕಾನೂನು ಪಾಲಿಸುತ್ತಲೇ ನಾನು ಕಬ್ಬಿನೊಳಗೆ ನುಗ್ಗಬಹುದಿತ್ತು! 50ರಲ್ಲಿ ಇದೇ ಲೆಕ್ಕ 35 ಮೀಟರಿಗೆ ಮುಗಿಯುತ್ತದೆ. ಬೋರ್ಡಿನ ಮೇಲಿನ ಸಂಖ್ಯೆ ಇಷ್ಟಕ್ಕಿಂತ ಜಾಸ್ತಿ ಹೋಗಬೇಡ ಅನ್ನುತ್ತದೆ, ಇಷ್ಟು ಹೋಗಲೇಬೇಕು ಅನ್ನುವುದಿಲ್ಲ. ನಾವು ಅದನ್ನು ಉಲ್ಟಾ ಓದುತ್ತೇವೆ, ಅಲ್ವಾ?

ಡಿಪ್ಪರ್ ಕಥೆಯೂ ಅಷ್ಟೇ. ಎದುರು ಗಾಡಿ ಬಂದರೆ, ಮುಂದಿನ ಗಾಡಿಯ ಹಿಂದೆ ಹತ್ತಿರ ಹೋದರೆ ಲೈಟು ಇಳಿಸಬೇಕು. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ ಹೇಳುವ ಪ್ರಕಾರ ಅಲ್ಲಿ ಯಾರಾದರೂ ಲೈಟ್ ಮಿಣುಕಿಸಿದರೆ ಸಾಮಾನ್ಯವಾಗಿ "ನೀವು ಹೋಗಿ" ಅಂತ. ನಮ್ಮಲ್ಲಿ "ನಾನು ಬರ್ತಿದೀನಿ, ನೀನು ನಿಲ್ಲು" ಅಂತ. ಲಾರಿಯವರ ಬಲಗಡೆ ಇಂಡಿಕೇಟರಂತೂ ಕೇಳಲೇಬೇಡಿ. ಒಬ್ಬ "ಓವರ್‌ಟೇಕ್ ಮಾಡಬೇಡ" ಅಂತ ಹಾಕುತ್ತಾನೆ, ಇನ್ನೊಬ್ಬ "ಮಾಡು" ಅಂತ, ಮೂರನೆಯವನು ನಿಜವಾಗಿ ಬಲಕ್ಕೆ ತಿರುಗುತ್ತಾನೆ. ರಾತ್ರಿ ಈ ಸನ್ನೆ ನಂಬಿ ನಾನು ಓವರ್‌ಟೇಕ್ ಮಾಡುವುದಿಲ್ಲ.

ಇನ್ನು ಕಲ್ಲುಗಳು. ಗಾಡಿ ಕೆಟ್ಟರೆ ಸುತ್ತ ಕಲ್ಲಿಡುತ್ತಾರೆ, ರಿಪೇರಿಯಾದ ಮೇಲೆ ಕಲ್ಲು ಅಲ್ಲೇ ಬಿಟ್ಟು ಹೋಗುತ್ತಾರೆ. ರಸ್ತೆ ಮೇಲೆ ಹುರುಳಿ, ರಾಗಿ ಹಾಕಿದವರೂ ಹಾಗೇ. ಬೇರೆಯವರಿಗೆ ಅಪಾಯವಾಗುವಂತೆ ರಸ್ತೆಯಲ್ಲಿ ಗಾಡಿ ಬಿಡುವುದು ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ಪ್ರಕಾರ ತಪ್ಪು. ಆದರೆ ರಾತ್ರಿ ಹನ್ನೊಂದೂವರೆಗೆ ಲೋಕಾಪುರದ ಆಚೆ ಸೆಕ್ಷನ್ ಹೇಳಿ ಏನು ಮಾಡೋದು?

ಆ ರಾತ್ರಿ ಕಾರಿನಿಂದ ನಾನೂ ಜಗಳಕ್ಕೇ ಇಳಿದಿದ್ದೆ. ಇಪ್ಪತ್ತು ದಾಟಿದನೋ ಇಲ್ಲವೋ ಅನ್ನುವಂಥ ಹುಡುಗ, ಟ್ರೇಲರಿನ ಪಂಕ್ಚರ್ ಆದ ಗಾಲಿಯ ಪಕ್ಕ ಕೂತಿದ್ದ. "ಹಿಂದ ಒಂದು ಹೊಳಿಯೂ ರೇಡಿಯಂ ಸ್ಟಿಕರ್ ಹಚ್ಚಾಕ ಏನಾಗೇತೋ ತಮ್ಮಾ?" ಅಂದೆ.

"ಹಚ್ಚೀವ್ರೀ ಅಣ್ಣಾರ. ಕಬ್ಬು ಹೇರಿದ ಮ್ಯಾಲ ಕಾಣಂಗಿಲ್ರಿ."

ಮೊಬೈಲ್ ಟಾರ್ಚ್ ಹಿಡಿದು ರವದಿ ಸರಿಸಿ ನೋಡಿದೆ. ಹೌದು, ಇತ್ತು.

ಡಿಕ್ಕಿಯಲ್ಲಿ ಕಾರಿನ ಜೊತೆ ಬಂದಿದ್ದ ಕೆಂಪು ತ್ರಿಕೋನವಿತ್ತು. ನಾಲ್ಕು ವರ್ಷದಿಂದ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಬಿಚ್ಚಿ, ಐವತ್ತು ಹೆಜ್ಜೆ ಹಿಂದೆ ಹೋಗಿ ಇಟ್ಟೆ. ಗಾಲಿ ಹಾಕಿದ ಮೇಲೆ ಕಲ್ಲೂ ಎತ್ತಿ ಬದಿಗಿಡು ಅಂದೆ. ತ್ರಿಕೋನ ಅವನ ಹತ್ತಿರವೇ ಉಳಿಯಿತು, ಡಿಕ್ಕಿಗೆ ನಾಲ್ಕು ಕಬ್ಬು ಬಂತು.