ಸ್ಪಷ್ಟನೆ: ಅಂಧರಿಗೆ ವಿಂಡೋಸ್ ಒಂದೇ ದಾರಿಯಲ್ಲ

'ಅಂಧರು ಬಳಸಬಹುದಾದದ್ದು ವಿಂಡೋಸ್ ಮಾತ್ರ, ಅದಕ್ಕೂ ದುಬಾರಿ ಸ್ಕ್ರೀನ್ ರೀಡರ್ ಕೊಳ್ಳಲೇಬೇಕು' ಎಂಬ ಸಂದೇಶವೊಂದು ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ತಪ್ಪು. (ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲಿರುವುದನ್ನು ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶ.)

ವಿಂಡೋಸ್‌ನಲ್ಲಿ ಬಳಸುವ ಜಾಸ್ ಎಂಬ ಸ್ಕ್ರೀನ್ ರೀಡರ್‌ಗೆ ಹಣ ತೆರಬೇಕೆಂಬುದು ನಿಜ. ಆದರೆ ಸ್ವತಃ ಅಂಧರಾದ ಮೈಕಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಉಚಿತವೂ ಮುಕ್ತವೂ ಆದ ಸ್ಕ್ರೀನ್ ರೀಡರ್ ಆಗಿದ್ದು, ಅದರೊಂದಿಗೇ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ (ಉಚ್ಚಾರಣೆ ತುಸು ಯಾಂತ್ರಿಕ, ಅದು ಬೇರೆ ಮಾತು). ಏನನ್ನೂ ಅಳವಡಿಸದೆಯೇ ವಿಂಡೋಸ್, ಕಂಟ್ರೋಲ್, ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನದೇ ಸ್ಕ್ರೀನ್ ರೀಡರ್ ಆದ ನರೇಟರ್ ಮಾತನಾಡತೊಡಗುತ್ತದೆ. ಮ್ಯಾಕ್‌ನಲ್ಲಿ 2005ರಿಂದಲೇ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ವ್ಯವಸ್ಥೆಯೊಳಗೇ ಇದೆ.

ವಿಂಡೋಸ್‌ನಂತೆಯೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಅಲ್ಲಿ ಆರ್ಕಾ ಎಂಬ ಉಚಿತ ಸ್ಕ್ರೀನ್ ರೀಡರ್ ಇದ್ದರೂ, ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಡೆಸ್ಕ್‌ಟಾಪ್ ಪರಿಸರವನ್ನು (ಕಿಟಕಿ, ಮೆನುಗಳನ್ನು ತೋರಿಸುವ ಭಾಗ) ಅವಲಂಬಿಸಿರುತ್ತದೆ. ಗ್ನೋಮ್ ಅಥವಾ ಮಾಟೆ ಎಂಬ ಪರಿಸರ ಇರುವ ಲಿನಕ್ಸ್ ಆವೃತ್ತಿಯಿಂದ ಆರಂಭಿಸುವುದು ಲೇಸು. ಅಳವಡಿಸುವ ಮೊದಲೇ ಪೆನ್‌ಡ್ರೈವ್‌ನಿಂದ ಗ್ನೋಮ್ ಚಾಲೂ ಮಾಡಿ, ಆಲ್ಟ್, ಸೂಪರ್ (ವಿಂಡೋಸ್ ಕೀಲಿ), ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಆರ್ಕಾದ ಧ್ವನಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬಹುದು.

ನಮ್ಮ ದೃಷ್ಟಿಯಲ್ಲಿ ಆಯ್ಕೆಯನ್ನು ನಿರ್ಧರಿಸಬೇಕಾದದ್ದು, ಬಳಕೆದಾರರು ದಿನನಿತ್ಯ ತೆರೆಯುವ ತಂತ್ರಾಂಶಗಳು ಆಯಾ ಸ್ಕ್ರೀನ್ ರೀಡರ್‌ಗೆ ಸ್ಪಂದಿಸುತ್ತವೆಯೇ ಎಂಬ ಪ್ರಶ್ನೆ.